ಯಲಹಂಕದಲ್ಲಿ ಮನೆ, ಆದರೆ ಯಾವ ಬೀದಿಯಲ್ಲಿ? ಬಡಾವಣೆ ಆರಿಸಿದ ಒಂದು ಬೇಸಿಗೆಯ ಅನುಭವ

2025ರ ಬೇಸಿಗೆಯನ್ನು ನಾವು ಬೆಂಗಳೂರಿನ ಉತ್ತರಕ್ಕಿರುವ ಯಲಹಂಕದ ಬೀದಿಗಳಲ್ಲಿ ಮನೆ ಹುಡುಕುತ್ತ ಕಳೆದೆವು. ಕೊನೆಯ ಪೆಟ್ಟಿಗೆಯನ್ನು ಬಿಚ್ಚಿ, ಪಾತ್ರೆಗಳನ್ನು ಅಟ್ಟಕ್ಕೇರಿಸಿ ಹೆಚ್ಚು ಕಾಲವಾಗಿಲ್ಲ. ವಿವರಗಳು ಮರೆತುಹೋಗುವ ಮೊದಲೇ ಬರೆದಿಟ್ಟರೆ ಇದೇ ದಾರಿಯಲ್ಲಿ ಹೊರಟಿರುವವರಿಗೆ ಅಲೆದಾಟ ಸ್ವಲ್ಪವಾದರೂ ಕಡಿಮೆಯಾದೀತು ಎಂಬ ಆಸೆ ನನ್ನದು. ಯಲಹಂಕಕ್ಕೆ ಹೋಗೋಣ ಎಂದು ತೀರ್ಮಾನಿಸುವುದಕ್ಕೆ ನಮಗೆ ಒಂದು ಸಂಜೆಯ ಮಾತುಕತೆ ಸಾಕಾಗಿತ್ತು. ಯಲಹಂಕದಲ್ಲಿ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಮಾವಿನಹಣ್ಣಿನ ಕಾಲವೇ ಮುಗಿಯುತ್ತ ಬಂದಿತ್ತು.

ರಾಜಾಜಿನಗರದಲ್ಲಿ ನಾವಿದ್ದ ಮನೆ ಹಳೆಯದು. ಅದನ್ನು ಕೆಡವಿ ಹೊಸದಾಗಿ ಕಟ್ಟಿಸಬೇಕೆಂದಿದ್ದ ಮಾಲೀಕರು ಸಂಕ್ರಾಂತಿ ಕಳೆದ ಮೇಲೆ ಬಂದು, ಆಷಾಢಕ್ಕೆ ಮೊದಲು ಖಾಲಿ ಮಾಡಿಕೊಡಬೇಕೆಂದು ಸೌಜನ್ಯದಿಂದಲೇ ಕೇಳಿಕೊಂಡರು. ನನ್ನ ಪತಿಯ ಕೆಲಸ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ, ನನ್ನದು ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ. ಇಬ್ಬರ ದಾರಿಗೂ ನಡುವೆ ಬೀಳುವ ಊರು ಯಲಹಂಕವಾದ್ದರಿಂದ ಅದರ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ನಮ್ಮೊಂದಿಗೆ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರುವ ಅತ್ತೆಯವರಿದ್ದಾರೆ, ಮೂರನೇ ತರಗತಿಗೆ ಕಾಲಿಡಬೇಕಾಗಿದ್ದ ಮಗಳಿದ್ದಾಳೆ.

ಹೊರಗಿನವರಿಗೆ ಯಲಹಂಕ ಒಂದೇ ಊರಿನಂತೆ ಕಾಣುತ್ತದೆ. ಒಳಗೆ ಓಡಾಡಲು ತೊಡಗಿದಾಗ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉದ್ದೇಶಕ್ಕಾಗಿ ಹುಟ್ಟಿದ ಹಲವು ಊರುಗಳು ಒಂದೇ ಪಿನ್‌ಕೋಡಿನ ಆಸುಪಾಸಿನಲ್ಲಿ ಸೇರಿಕೊಂಡಿರುವುದು ಗೊತ್ತಾಗುತ್ತದೆ. ರೈಲು ಹಳಿಯ ಒಂದು ಬದಿಗೆ ಯಲಹಂಕ ನಾಡಪ್ರಭುಗಳ ಕಾಲದಿಂದ ಬಂದ ಹಳೇ ಊರು, ಇನ್ನೊಂದು ಬದಿಗೆ ಕರ್ನಾಟಕ ಗೃಹ ಮಂಡಳಿ ನಿರ್ಮಿಸಿದ ಉಪನಗರ. ಅದರಲ್ಲಿ ಎ ಸೆಕ್ಟರ್, ಬಿ ಸೆಕ್ಟರ್ ಮತ್ತು ಆಮೇಲಿನ ಹಂತಗಳಿವೆ. 1984ರಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆಯೂ ವಾಯುನೆಲೆಯೂ ತಮ್ಮ ಪಾಲಿನ ವಿಶಾಲ ಜಾಗವನ್ನು ಹಿಡಿದಿವೆ. ಇವುಗಳ ಸುತ್ತ ಅತ್ತೂರು, ಅಳ್ಳಾಳಸಂದ್ರ, ಕೋಗಿಲು, ಪುಟ್ಟೇನಹಳ್ಳಿಯಂಥ ಹಳ್ಳಿಗಳ ಹೊಲಗಳು ನಿವೇಶನಗಳಾಗಿ ಹರಡಿಕೊಂಡಿವೆ. ಒಂದು ಬಡಾವಣೆಯ ರಸ್ತೆಯ ಅಗಲ, ನೀರಿನ ಮೂಲ, ಚರಂಡಿ, ನೆರಳು ಇವೆಲ್ಲ ಅದು ಯಾವಾಗ, ಯಾರ ಕೈಯಲ್ಲಿ ಹುಟ್ಟಿತು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿವೆ. ಎರಡು ಕಿಲೋಮೀಟರ್ ಅಂತರದಲ್ಲಿ ಬಾಡಿಗೆ ಹತ್ತಿರ ಹತ್ತಿರ ಒಂದೇ ಆಗಿದ್ದರೂ ದಿನಚರಿ ಮಾತ್ರ ಪೂರ್ತಿ ಬದಲಾಗಿಬಿಡುವುದನ್ನು ನಾವು ಕಂಡೆವು.

ಹುಡುಕಾಟ ಶುರುಮಾಡುವ ಮೊದಲು ನಾವು ಕುಳಿತು ಮಾತನಾಡಿಕೊಂಡದ್ದು ಒಂದು ವಿಷಯವನ್ನು. ನಾನು ಮತ್ತು ನನ್ನ ಪತಿ ಬೆಳಿಗ್ಗೆ ಹೊರಟರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಮಗಳು ಮಧ್ಯಾಹ್ನದವರೆಗೆ ಶಾಲೆಯಲ್ಲಿರುತ್ತಾಳೆ. ಹಗಲೆಲ್ಲ ಆ ಬೀದಿಯಲ್ಲಿ ಬದುಕುವವರು ಅತ್ತೆಯವರು ಮಾತ್ರ. ಹಾಗಾದರೆ ಬಡಾವಣೆ ಆರಿಸಬೇಕಾದದ್ದು ಅವರ ಕಾಲಿಗೆ, ಅವರ ಹೊತ್ತಿಗೆ ಒಪ್ಪುವಂತೆ. ನಮ್ಮಿಬ್ಬರ ಪ್ರಯಾಣದ ಸಮಯ ಅದರ ನಂತರದ ಲೆಕ್ಕ. ಈ ಒಂದು ನಿರ್ಧಾರದಿಂದ ಎಷ್ಟೋ ಚೆಂದದ ಮನೆಗಳು ಮೊದಲ ನೋಟದಲ್ಲೇ ಪಟ್ಟಿಯಿಂದ ಬಿದ್ದುಹೋದವು, ಮತ್ತು ಅದಕ್ಕಾಗಿ ನನಗೆ ಬೇಸರವಿಲ್ಲ.

ಬಳ್ಳಾರಿ ರಸ್ತೆಯ ಪೂರ್ವಕ್ಕಿರುವ ಕೋಗಿಲು ಭಾಗವನ್ನು ನಾವು ಮೊದಲು ನೋಡಿದೆವು, ಏಕೆಂದರೆ ಅಲ್ಲಿಂದ ಜಕ್ಕೂರು, ಥಣಿಸಂದ್ರದ ಒಳದಾರಿಯಲ್ಲಿ ಹೆಬ್ಬಾಳದ ದಟ್ಟಣೆಗೆ ಸಿಗದೆ ಮಾನ್ಯತಾಕ್ಕೆ ಹೋಗಬಹುದು. ಹೊಸ ಅಪಾರ್ಟ್‌ಮೆಂಟುಗಳು, ಲಿಫ್ಟು, ಒಳ್ಳೆಯ ಗಾಳಿ ಬೆಳಕು ಎಲ್ಲವೂ ಇದ್ದವು. ಆದರೆ ಅತ್ತೆಯವರಿಗೆ ಬ್ಯಾಂಕು, ಔಷಧಿ ಅಂಗಡಿ, ಫಿಸಿಯೊಥೆರಪಿ ಎಲ್ಲಕ್ಕೂ ಆಟೊ ಹಿಡಿಯಬೇಕಾಗಿತ್ತು. ವಿಮಾನ ನಿಲ್ದಾಣದ ವಾಹನಗಳು ಭರದಿಂದ ಓಡುವ ಹೆದ್ದಾರಿಯನ್ನು ನಿಧಾನ ಕಾಲಿನವರು ನಡೆದು ದಾಟುವುದು ಆಗದ ಮಾತು. ಜತೆಗೆ ಈ ಭಾಗಕ್ಕೆ ಸಂಬಂಧಿಸಿದ ನೀರಿನ ಕಥೆಯನ್ನು ಎಲ್ಲರೂ ಕೇಳಿದ್ದೇವೆ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಕೋಡಿ ಬಿದ್ದು ಕೇಂದ್ರೀಯ ವಿಹಾರ ಎಂಬ ದೊಡ್ಡ ವಸತಿ ಸಮುಚ್ಚಯದೊಳಕ್ಕೆ ನೀರು ನುಗ್ಗಿತು, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಸಂಕಟ ಮರುಕಳಿಸಿತು. ಅಲ್ಲಿಯ ಜನರ ತಪ್ಪೇನೂ ಇಲ್ಲ. ಯಲಹಂಕ ಕೆರೆಯಿಂದ ಜಕ್ಕೂರು, ರಾಚೇನಹಳ್ಳಿ ಕೆರೆಗಳ ಕಡೆಗೆ ಹರಿಯಬೇಕಾದ ನೀರಿಗೆ ಮೊದಲಿದ್ದಷ್ಟು ಅಗಲದ ದಾರಿ ಉಳಿದಿಲ್ಲ, ಅಷ್ಟೇ.

ಇದನ್ನು ಕಂಡ ಮೇಲೆ ನಾವು ಯಾವುದೇ ಬೀದಿಗೆ ಹೋದರೂ ಮೊದಲು ಮಾಡುತ್ತಿದ್ದ ಕೆಲಸವೊಂದಿತ್ತು. ಕಂದಾಯ ಇಲಾಖೆಯ ‘ದಿಶಾಂಕ್’ ಎಂಬ ಆ್ಯಪ್ ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ. ಮನೆಯ ಮುಂದೆ ನಿಂತು ಅದನ್ನು ತೆರೆದರೆ ನಾವು ನಿಂತ ಜಾಗದ ಸರ್ವೆ ನಂಬರು, ಹಳೆಯ ಗ್ರಾಮ ನಕ್ಷೆಯ ಕೆರೆ, ಹಳ್ಳ, ಕಾಲುವೆಗಳು ಅದರಲ್ಲಿ ಕಾಣುತ್ತವೆ. ಕೊಳ್ಳುವವರಷ್ಟೇ ಇದನ್ನು ನೋಡಬೇಕು ಎಂದು ಅನೇಕರು ತಿಳಿದಿದ್ದಾರೆ. ಬಾಡಿಗೆಗೆ ಹೋಗುವವರೂ ನೋಡಬೇಕು, ಏಕೆಂದರೆ ನೆಲಮಹಡಿಗೆ ನುಗ್ಗುವ ನೀರು ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ವಿಚಾರಿಸುವುದಿಲ್ಲ. ನಕ್ಷೆಯ ಜತೆಗೆ ಕಣ್ಣಿಗೂ ಕೆಲಸ ಕೊಡಿ. ಕಾಂಪೌಂಡಿನ ಹೊರಗೋಡೆಯ ಬುಡದಲ್ಲಿ ಒಂದೇ ಮಟ್ಟಕ್ಕೆ ಕಂದು ಗೆರೆ ಹಬ್ಬಿದ್ದರೆ, ಗೇಟಿನ ಕೆಳಭಾಗ ಮಾತ್ರ ತುಕ್ಕು ಹಿಡಿದಿದ್ದರೆ, ಬಾಗಿಲ ಮುಂದೆ ಇಟ್ಟಿಗೆಯ ಒಂದು ಅಡ್ಡಗಟ್ಟೆ ಆಮೇಲೆ ಕಟ್ಟಿದಂತಿದ್ದರೆ, ಅಲ್ಲಿ ನೀರು ನಿಂತು ಹೋಗಿದೆ ಎಂದೇ ಅರ್ಥ. ಒಂದು ಮನೆಯಲ್ಲಿ ವಿದ್ಯುತ್ ಮೀಟರನ್ನು ಎದೆಯೆತ್ತರದಿಂದ ತೆಗೆದು ಬಾಗಿಲಿನ ನೆತ್ತಿಯ ಮಟ್ಟಕ್ಕೆ ಏರಿಸಿದ್ದರು. ಹಳೆಯ ಜಾಗದಲ್ಲಿ ಮೊಳೆಯ ತೂತುಗಳಿಗೆ ಬಳಿದ ಬಿಳಿ ಸಿಮೆಂಟ್ ಇನ್ನೂ ಹಾಗೆಯೇ ಇತ್ತು. ಮಾಲೀಕರು ಮಳೆಯ ವಿಷಯವನ್ನು ಎತ್ತಲೇ ಇಲ್ಲ, ಆ ತೂತುಗಳು ಹೇಳಿದವು.

ಆಮೇಲೆ ಅತ್ತೂರು ಬಡಾವಣೆಯ ಕಡೆ ತಿರುಗಿದೆವು. ಉಪನಗರಕ್ಕೆ ಅಂಟಿಕೊಂಡೇ ಇರುವ ಈ ಭಾಗದಲ್ಲಿ ಒಳ್ಳೆಯ ಮನೆಗಳಿವೆ. ನಮಗೆ ಹಿಡಿಸಿದ ಒಂದೆರಡರ ಬಾಡಿಗೆ ಉಪನಗರಕ್ಕಿಂತ ಎರಡು ಮೂರು ಸಾವಿರ ಕಡಿಮೆಯೇ ಇತ್ತು. ಅಲ್ಲಿ ನಾವು ಕಲಿತದ್ದು ನೀರಿನ ಲೆಕ್ಕ. ನಾವು ನೋಡಿದ ಬೀದಿಗಳಲ್ಲಿ ಕೆಲವು ಮನೆಗಳಿಗೆ ಕಾವೇರಿ ಸಂಪರ್ಕವಿತ್ತು, ಪಕ್ಕದ ಕೆಲವು ಮನೆಗಳು ಬೋರ್‌ವೆಲ್ಲನ್ನೇ ನಂಬಿದ್ದವು. ಬೇಸಿಗೆಯಲ್ಲಿ ಬೋರ್‌ವೆಲ್ ಸೋತರೆ ಟ್ಯಾಂಕರೇ ಗತಿ. 2024ರ ನೀರಿನ ಬರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು ಐದು ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ಎಂದು ದರ ಗೊತ್ತುಪಡಿಸಿತ್ತು. ನಾವು ಮನೆ ನೋಡುತ್ತಿದ್ದ ಹೊತ್ತಿನಲ್ಲಿ ನೆರೆಯವರು ಹೇಳುತ್ತಿದ್ದ ದರ ಅದಕ್ಕಿಂತ ಹೆಚ್ಚು. ತಿಂಗಳಿಗೆ ಮೂರು ನಾಲ್ಕು ಟ್ಯಾಂಕರ್ ತರಿಸಿದರೆ ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲಿಗೆ ಸರಿಹೋಗುತ್ತದೆ. ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿದೆ, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವುದು ಅದರ ಉದ್ದೇಶ. ಆದರೆ ಯೋಜನೆಯ ನೀರು ಊರಿಗೆ ಬರುವುದಕ್ಕೂ ನಾವು ನೋಡುತ್ತಿರುವ ಮನೆಯ ಸಂಪಿಗೆ ಬೀಳುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ‘ಕಾವೇರಿ ಇದೆ’ ಎಂಬ ಮಾತನ್ನು ಕೇಳಿ ತೃಪ್ತಿಪಡದೆ ಜಲಮಂಡಳಿಯ ಇತ್ತೀಚಿನ ಬಿಲ್ಲನ್ನು ತೋರಿಸಲು ಕೇಳಿ, ವಾರದಲ್ಲಿ ಯಾವ ದಿನ ಎಷ್ಟು ಹೊತ್ತು ನೀರು ಬಿಡುತ್ತಾರೆ ಎಂಬುದನ್ನು ಎದುರು ಮನೆಯವರಿಂದ ತಿಳಿದುಕೊಳ್ಳಿ.

ಬೋರ್‌ವೆಲ್ ನೀರಿನ ಗಡಸುತನವನ್ನು ಗುರುತಿಸಲು ನಲ್ಲಿಯ ಮೂತಿ ನೋಡಿದರೆ ಸಾಕು, ಬಿಳಿ ಹಕ್ಕಳೆ ಕಟ್ಟಿರುತ್ತದೆ. ನಾವು ಕೆಲವೇ ನೂರು ರೂಪಾಯಿ ಕೊಟ್ಟು ನೀರಿನಲ್ಲಿ ಕರಗಿದ ಲವಣಾಂಶವನ್ನು ಅಳೆಯುವ, ಪೆನ್ನಿನಂಥ ಟಿಡಿಎಸ್ ಮೀಟರ್ ಒಂದನ್ನು ಕೊಂಡು ಚೀಲದಲ್ಲಿ ಇಟ್ಟುಕೊಂಡೆವು. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಲವಣಾಂಶ ಒಪ್ಪತಕ್ಕದ್ದು. ಬೇರೆ ಮೂಲವೇ ಇಲ್ಲದಿದ್ದಾಗ ಮಾತ್ರ 2,000ದವರೆಗೆ ಅನುಮತಿಯಿದೆ. ಸಾವಿರ ದಾಟಿದ ಮನೆಯಲ್ಲಿ ಗೀಸರು, ವಾಷಿಂಗ್ ಮಷೀನು, ತಲೆಗೂದಲು ಮೂರಕ್ಕೂ ಖರ್ಚು ಹೆಚ್ಚು.

ಹಳೇ ಊರಿನ ಬಗ್ಗೆ ನನಗೆ ಇಂದಿಗೂ ಪ್ರೀತಿಯಿದೆ. ಹೂವು, ಸೊಪ್ಪು, ಹಾಲು, ದೇವಸ್ಥಾನ, ದರ್ಜಿ ಎಲ್ಲವೂ ಕೂಗಳತೆಯಲ್ಲಿ. ಜಗುಲಿಯ ಮೇಲೆ ಕುಳಿತ ಹಿರಿಯರೊಬ್ಬರು ಅತ್ತೆಯವರನ್ನು ನಿಲ್ಲಿಸಿ, “ಎಲ್ಲಿಂದ ಬಂದ್ರವ್ವಾ, ಮನೆ ನೋಡ್ತಿದ್ದೀರಾ? ಮೊದ್ಲು ಒಂದ್ಲೋಟ ನೀರು ಕುಡೀರಿ” ಎಂದಾಗ ಅತ್ತೆಯವರ ಮುಖ ಅರಳಿತು. ಅಲ್ಲಿ ಒಂಟಿತನಕ್ಕೆ ಜಾಗವಿಲ್ಲ. ಆದರೆ ಸಿಕ್ಕ ಮನೆಗಳ ಮೆಟ್ಟಿಲುಗಳು ಕಡಿದಾಗಿದ್ದವು, ಬೀದಿಗಳು ಕಿರಿದಾಗಿದ್ದು ಆಂಬುಲೆನ್ಸ್ ಬಾಗಿಲವರೆಗೆ ಬರುವಂತಿರಲಿಲ್ಲ, ಸ್ಕೂಟರುಗಳ ನಡುವೆ ಊರುಗೋಲು ಹಿಡಿದು ನಡೆಯುವುದು ಕಷ್ಟವಾಗಿತ್ತು. ನೆಲಮಹಡಿಯಲ್ಲಿ ಅನುಕೂಲವಾದ ಮನೆಯೊಂದು ಸಿಕ್ಕಿದ್ದರೆ ಬಹುಶಃ ಅಲ್ಲಿಯೇ ಉಳಿಯುತ್ತಿದ್ದೆವು. ಕಾಲು ಗಟ್ಟಿಯಿರುವ ಹಿರಿಯರಿರುವ ಮನೆಯವರು ಹಳೇ ಊರನ್ನು ‘ಹಳೆಯದು’ ಎಂಬ ಒಂದೇ ಕಾರಣಕ್ಕೆ ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಇಷ್ಟರಲ್ಲಿ ಯುಗಾದಿ ಕಳೆದಿತ್ತು. ಬಾಡಿಗೆಗೆ ಮನೆಗಳು ಹೆಚ್ಚಾಗಿ ಖಾಲಿಯಾಗುವುದು ಮಕ್ಕಳ ಪರೀಕ್ಷೆ ಮುಗಿದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ತುಂಬುವುದೂ ಅದೇ ವೇಗದಲ್ಲಿ. ಬೆಳಿಗ್ಗೆ ನೋಡಿದ ಮನೆಗೆ ಸಂಜೆ ಟೋಕನ್ ಕೊಟ್ಟವರಿರುತ್ತಾರೆ. ಆಷಾಢ ಶುರುವಾದರೆ ಅನೇಕರು ಮನೆ ಬದಲಾಯಿಸುವುದಿಲ್ಲವಾದ್ದರಿಂದ ಆಗ ಬಾಡಿಗೆಯಲ್ಲಿ ಚೌಕಾಸಿಗೆ ಅವಕಾಶ ಹೆಚ್ಚು. ಆ ನಂಬಿಕೆ ಇಲ್ಲದವರು, ಶಾಲೆಯ ಒತ್ತಡವಿಲ್ಲದವರು ಅದನ್ನು ಬಳಸಿಕೊಳ್ಳಬಹುದು. ನಮಗೆ ಎರಡೂ ಒತ್ತಡಗಳಿದ್ದವು. ಮೇ ಕೊನೆಯಲ್ಲಿ ಶಾಲೆ ತೆರೆಯುವ ಮೊದಲು ವಿಳಾಸ ಖಚಿತವಾಗದಿದ್ದರೆ ಮಗಳ ವರ್ಗಾವಣೆ ಪತ್ರ ತರುವುದೋ ಬೇಡವೋ ಎಂಬುದೇ ತೋಚುತ್ತಿರಲಿಲ್ಲ. ರಾತ್ರಿ ಅವಳು ಮಲಗಿದ ಮೇಲೆ ನಾವಿಬ್ಬರೂ ಇದೇ ಮಾತನ್ನು ಮತ್ತೆ ಮತ್ತೆ ಆಡುತ್ತಿದ್ದೆವು.

ಉಪನಗರದಲ್ಲಿ ನಮಗೆ ಎದುರಾದ ಅಡ್ಡಿ ನಾವು ಎಣಿಸಿದ್ದಲ್ಲ. ಎರಡನೇ ಅಡ್ಡರಸ್ತೆ, ಮುಂದೆ ಹೊಂಗೆ ಮರ, ನೆಲಮಹಡಿ, ಒಳ್ಳೆಯ ನೀರು ಎಲ್ಲವೂ ಇದ್ದ ಮನೆಯೊಂದರಲ್ಲಿ ಮಾತು ಮುಗಿಯುತ್ತ ಬಂದಾಗ ಮಾಲೀಕರು, “ನೀವು ಯಾವ ಕಡೆಯವರು, ಮನೇಲಿ ಮಾಂಸ ಮಾಡ್ತೀರಾ?” ಎಂದು ಕೇಳಿದರು. ಮಾಡುತ್ತೇವೆ ಎಂದೆವು. ಅಲ್ಲಿಗೆ ಮಾತು ನಿಂತಿತು. ಇದು ಒಂದು ಕಡೆಯ ಅನುಭವವಲ್ಲ, ಪ್ರಶ್ನೆಯ ರೂಪ ಮಾತ್ರ ಬೇರೆಯಾಗುತ್ತಿತ್ತು. ಅತ್ತೆಯವರು ಮನೆಗೆ ಬರುವ ದಾರಿಯಲ್ಲಿ ಏನೂ ಮಾತಾಡಲಿಲ್ಲ. ನಲವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಎಲ್ಲರ ಮಕ್ಕಳಿಗೂ ಪಾಠ ಹೇಳಿದವರಿಗೆ ಈ ವಯಸ್ಸಿನಲ್ಲಿ ಇಂಥ ಪ್ರಶ್ನೆಗೆ ಉತ್ತರಿಸಬೇಕಾಗಿ ಬಂದದ್ದು ನನಗೆ ಬಹಳ ನೋವುಂಟುಮಾಡಿತು. ಹೀಗಾದ ಮೇಲೆ ನಾವು ದಲ್ಲಾಳಿಗೆ ಮೊದಲೇ ಸ್ಪಷ್ಟವಾಗಿ ಹೇಳಿ, ಮಾಲೀಕರನ್ನು ಫೋನಿನಲ್ಲೇ ಕೇಳಿಸಿ, ಅವರು ಒಪ್ಪಿದ ಮನೆಗಳಿಗಷ್ಟೇ ಅತ್ತೆಯವರನ್ನು ಕರೆದುಕೊಂಡು ಹೋದೆವು. ಈ ಪರಿಸ್ಥಿತಿಯಲ್ಲಿರುವವರು ಹಾಗೆಯೇ ಮಾಡಿ. ಸುಳ್ಳು ಹೇಳಿ ಸೇರಿಕೊಂಡು ದಿನವೂ ಕಿಟಕಿ ಮುಚ್ಚಿ ಅಡುಗೆ ಮಾಡುವ ಬಾಳು ಬೇಡ.

ದಲ್ಲಾಳಿಗಳ ಬಗ್ಗೆ ಒಂದು ಮಾತು. ಅವರು ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಆಗಿ ಕೇಳುತ್ತಾರೆ, ಬದಲಿಗೆ ನಮ್ಮ ಸಮಯವನ್ನು ನಿಜಕ್ಕೂ ಉಳಿಸುತ್ತಾರೆ. ಆದರೆ ಪ್ರತಿ ಮನೆಯ ಮುಂದೆಯೂ ‘ಮೆಟ್ರೊ ಬರ್ತಿದೆ ಮೇಡಂ’ ಎಂಬ ಮಾತು ಕೇಳಿಬರುತ್ತದೆ. ವಿಮಾನ ನಿಲ್ದಾಣದ ನೀಲಿ ಮಾರ್ಗ ಬಳ್ಳಾರಿ ರಸ್ತೆಯ ಗುಂಟ ನಿರ್ಮಾಣವಾಗುತ್ತಿದೆ, ಉಪನಗರದ ಒಳಬೀದಿಗಳಿಂದ ಅದು ನಡೆದು ತಲುಪುವ ದೂರದಲ್ಲಿಲ್ಲ. 2022ರ ಜೂನಿನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಯೋಜನೆಯ ಸಂಪಿಗೆ ಮತ್ತು ಕನಕ ಮಾರ್ಗಗಳೆರಡೂ ಯಲಹಂಕವನ್ನು ಹಾದುಹೋಗಲಿವೆ. ಅವು ಬರುವ ದಿನ ಯಲಹಂಕದ ಬದುಕು ಬದಲಾಗುವುದು ಖಂಡಿತ. ಆದರೆ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುವವರು ಇಂದು ಓಡುವ ಬಸ್ಸನ್ನು ನೋಡಿ ಬಾಡಿಗೆ ಕೊಡಬೇಕು. ಶಕ್ತಿ ಯೋಜನೆ ಬಂದ ಮೇಲೆ ನನಗೂ ಅತ್ತೆಯವರಿಗೂ ಬಿಎಂಟಿಸಿ ಪ್ರಯಾಣ ಉಚಿತವಾದ್ದರಿಂದ ಬಸ್ ನಿಲ್ದಾಣದ ಸಾಮೀಪ್ಯ ನಮಗೆ ತಿಂಗಳಿಗೆ ಸಾವಿರಾರು ರೂಪಾಯಿಯ ಉಳಿತಾಯ.

ಕೊನೆಗೆ ಉಪನಗರದಲ್ಲೇ ಎರಡು ಮನೆಗಳು ಉಳಿದವು: ಒಂದು ಬಿ ಸೆಕ್ಟರಿನಲ್ಲಿ, ಒಂದು ನಾಲ್ಕನೇ ಹಂತದಲ್ಲಿ. ಎರಡರ ಬೀದಿಗಳನ್ನೂ ಬೇರೆ ಬೇರೆ ಹೊತ್ತಿನಲ್ಲಿ ನೋಡಿದೆವು. ಈ ಕೆಲಸಕ್ಕೆ ಬದಲಿ ಇಲ್ಲ. ಹಗಲಿನಲ್ಲಿ ನಿಶ್ಶಬ್ದವಾಗಿದ್ದ ಬೀದಿ ರಾತ್ರಿ ಹನ್ನೊಂದಕ್ಕೆ ಹತ್ತಿರದ ಕಲ್ಯಾಣ ಮಂಟಪದ ವಾದ್ಯದಿಂದ ತುಂಬಿರಬಹುದು. ಜಂಕ್ಷನ್ ನಿಲ್ದಾಣದ ಹತ್ತಿರದ ಬೀದಿಗಳಲ್ಲಿ ಸರಕು ರೈಲಿನ ಸೀಟಿ ಬೆಳಗಿನ ಜಾವ ಎಬ್ಬಿಸುತ್ತದೆ. ಪುಟ್ಟೇನಹಳ್ಳಿಯ ಕಡೆ ಅನಿಲ ಆಧಾರಿತ ವಿದ್ಯುತ್ ಸ್ಥಾವರವಿದೆ, ಅದರ ಸುತ್ತ ಮನೆ ನೋಡುವವರು ರಾತ್ರಿ ಅರ್ಧ ಗಂಟೆ ನಿಂತು ಕೇಳಿಸಿಕೊಳ್ಳುವುದು ಒಳ್ಳೆಯದು. ಅದೇ ಪುಟ್ಟೇನಹಳ್ಳಿ ಕೆರೆ ಹಕ್ಕಿಗಳ ಸಂರಕ್ಷಿತ ತಾಣವೂ ಹೌದು, ಆ ದಂಡೆಯ ಬೆಳಗು ಬಲು ಸೊಗಸು. ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುವಾಗ ಯುದ್ಧವಿಮಾನಗಳ ಗುಡುಗು ಯಲಹಂಕದ ಎಲ್ಲ ಬೀದಿಗಳಿಗೂ ಸಮಪಾಲು, ಆಗ ಸುತ್ತಮುತ್ತ ಮಾಂಸದಂಗಡಿಗಳನ್ನೂ ಮುಚ್ಚಿಸುತ್ತಾರೆ. ಚಿಕ್ಕ ಮಕ್ಕಳು, ಹೃದ್ರೋಗಿಗಳು ಇರುವ ಮನೆಯವರಿಗೆ ಇದು ಮೊದಲೇ ತಿಳಿದಿರಲಿ.

ನಮ್ಮ ತೀರ್ಮಾನವನ್ನು ಕೈಹಿಡಿದು ಮುಗಿಸಿದ್ದು ಮೇ ತಿಂಗಳ ಒಂದು ರಾತ್ರಿಯ ಮಳೆ. ಗುಡುಗಿನ ಸಮೇತ ಸುರಿದು ನಿಂತ ಮಳೆಯ ಮರುದಿನ ಬೆಳಿಗ್ಗೆ ಹಾಲಿನವರು ಓಡಾಡುವ ಹೊತ್ತಿಗೆ ನಾವು ಉಪನಗರದಲ್ಲಿದ್ದೆವು. ಬಿ ಸೆಕ್ಟರಿನ ಆ ಬೀದಿಯ ತಗ್ಗಿನಲ್ಲಿ ನೀರು ಇನ್ನೂ ಇಳಿದಿರಲಿಲ್ಲ. ಕಾಲುದಾರಿಯ ಚಪ್ಪಡಿಗಳ ಸಂದಿಯಿಂದ ಚರಂಡಿಯ ಕೆಸರು ಮೇಲಕ್ಕೆ ಉಕ್ಕಿತ್ತು, ಮುರಿದ ಒಂದು ಚಪ್ಪಡಿಯ ಜಾಗಕ್ಕೆ ಯಾರೋ ಗುರುತಿಗೆಂದು ಹೊಂಗೆಯ ಕೊಂಬೆ ನೆಟ್ಟಿದ್ದರು. ಅದೇ ಸೆಕ್ಟರಿನ ಬೇರೆ ಬೀದಿಗಳು ಚೊಕ್ಕಟವಾಗಿಯೇ ಇದ್ದವು, ನಮಗೆ ಸಿಕ್ಕಿದ್ದ ಮನೆಯ ಬೀದಿ ಮಾತ್ರ ತಗ್ಗಿನಲ್ಲಿತ್ತು. ನಾಲ್ಕನೇ ಹಂತದ ಬೀದಿಯಲ್ಲಿ ಉದುರಿದ ಎಲೆಗಳು ಬಿಟ್ಟರೆ ರಸ್ತೆ ಆರುತ್ತ ಬಂದಿತ್ತು. ಉದ್ಯಾನದವರೆಗಿನ ದಾರಿಯನ್ನು ಅತ್ತೆಯವರು ಊರುಗೋಲಿನೊಂದಿಗೆ ತಾವೇ ನಡೆದು ನೋಡಿದರು. ನಡುವೆ ಎಲ್ಲೂ ದೊಡ್ಡ ರಸ್ತೆ ದಾಟಬೇಕಾಗಿರಲಿಲ್ಲ, ಕೂರಲು ಕಲ್ಲುಬೆಂಚುಗಳಿದ್ದವು, ಔಷಧಿ ಅಂಗಡಿ ತಿರುವಿನಲ್ಲೇ ಇತ್ತು. “ಇಲ್ಲಿ ನಾನು ಒಬ್ಬಳೇ ಓಡಾಡಿಕೊಳ್ತೀನಿ ಕಣಮ್ಮ” ಎಂದರು. ಅಂದೇ ಟೋಕನ್ ಕೊಟ್ಟೆವು.

ಕಾಗದಪತ್ರದ ಹಂತ ಸಲೀಸಾಗಿ ಮುಗಿಯುತ್ತದೆಂದು ಎಣಿಸಿದ್ದೆವು. ವಿದ್ಯುತ್ ಬಿಲ್ಲು ಮತ್ತು ಆಸ್ತಿ ತೆರಿಗೆಯ ರಸೀದಿ ಕೇಳಿದಾಗ, ಎರಡೂ ಮಾಲೀಕರ ತೀರಿಹೋದ ತಂದೆಯವರ ಹೆಸರಿನಲ್ಲಿದ್ದವು. ಖಾತೆ ಇನ್ನೂ ಬದಲಾಗಿರಲಿಲ್ಲ, ಅವರಿಗೆ ತಾಯಿಯೂ ತಂಗಿಯೂ ಇದ್ದರು. ಮುಂದೆ ಅವರೊಳಗೆ ಭಾಗದ ಮಾತು ಬಂದರೆ ನಮ್ಮ ಮುಂಗಡವನ್ನು ಯಾರಲ್ಲಿ ಕೇಳುವುದು ಎಂಬ ಪ್ರಶ್ನೆ ಎದುರಾಯಿತು. ಪರಿಚಯದ ವಕೀಲರು ಹೇಳಿದಂತೆ ಮೂವರನ್ನೂ ಮಾಲೀಕರ ಕಡೆಯ ಪಕ್ಷಕಾರರನ್ನಾಗಿ ಬರೆಸಿ, ಮೂವರ ಸಹಿ ಹಾಗೂ ಆಧಾರ್ ಪ್ರತಿ ಪಡೆದು, ಮುಂಗಡವನ್ನು ಬ್ಯಾಂಕಿನ ಮೂಲಕವೇ ಕಳುಹಿಸಿದೆವು. ತಂಗಿ ಬೇರೆ ಊರಿನಲ್ಲಿದ್ದುದರಿಂದ ಅವರ ಸಹಿಗಾಗಿ ಕಾದ ದಿನಗಳು ತಳಮಳದವು, ಶಾಲೆ ತೆರೆಯುವ ದಿನ ಹತ್ತಿರವಾಗುತ್ತಿತ್ತು. ಆದರೂ ಕಾದದ್ದು ಒಳ್ಳೆಯದಾಯಿತು. ಮನೆ ತೋರಿಸುವವರೇ ಮಾಲೀಕರೆಂದು ನಂಬದೆ ಬಿಲ್ಲಿನ ಮೇಲಿನ ಹೆಸರನ್ನು ಓದಿ.

ನಮಗೆ ಬಂದ ಇನ್ನೊಂದು ಪ್ರಸ್ತಾಪ ಭೋಗ್ಯದ್ದು: ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟರೆ ಬಾಡಿಗೆಯೇ ಇಲ್ಲ. ಕೇಳಲು ಇಂಪಾಗಿರುತ್ತದೆ. ಆದರೆ ಮನೆ ಬ್ಯಾಂಕಿಗೆ ಅಡವಾಗಿದ್ದು ಸಾಲ ಕಟ್ಟದಿದ್ದರೆ ಭೋಗ್ಯದಾರರು ಬೀದಿಗೆ ಬೀಳುತ್ತಾರೆ. ಭೋಗ್ಯಕ್ಕೆ ಹೋಗುವವರು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸದೆ, ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಖರ್ಚಿನ ವಿವರವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎರಡು ಮಲಗುವ ಕೋಣೆಗಳ ನೆಲಮಹಡಿಗೆ ಬಾಡಿಗೆ 24,000 ರೂಪಾಯಿ, ಮುಂಗಡ ಒಂದೂವರೆ ಲಕ್ಷ. ಮಾಲೀಕರು ಹತ್ತು ತಿಂಗಳದ್ದು ಕೇಳಿದ್ದರು, ಮಾತುಕತೆಯಲ್ಲಿ ಇಳಿಯಿತು. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಕರಾರು ಬರೆಸಲು ಮತ್ತು ಇ-ಸ್ಟಾಂಪಿಗೆ ಎರಡು ಸಾವಿರದೊಳಗೆ, ಸಾಮಾನು ಸಾಗಿಸಲು 13,000, ಸ್ನಾನದ ಮನೆಯಲ್ಲಿ ಅತ್ತೆಯವರಿಗಾಗಿ ಹಿಡಿಕೆ ಹಾಕಿಸಲು ಇನ್ನೊಂದಿಷ್ಟು. ಕರಾರಿನಲ್ಲಿ ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ಷರತ್ತು ಬಹುತೇಕ ಎಲ್ಲೆಡೆ ಇರುತ್ತದೆ. ಅದನ್ನು ನಿಜವಾದ ಖರ್ಚಿಗೆ ಸೀಮಿತಗೊಳಿಸುವಂತೆ ಕೇಳಿದರೆ ಕೆಲವರು ಒಪ್ಪುತ್ತಾರೆ, ನಮ್ಮವರು ಒಪ್ಪಿದರು. ಸಂಬಳದಲ್ಲಿ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರು ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕಾಗುತ್ತದೆ, ಆದ್ದರಿಂದ ಅದನ್ನು ಸಹಿಗೆ ಮೊದಲೇ ಕೇಳಿ. ಆಮೇಲೆ ಕೇಳಿದರೆ ಮುಖ ಗಂಟಾಗುತ್ತದೆ.

ಮನೆಯಲ್ಲಿ ಹಾಲುಕ್ಕಿಸಿ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಅರ್ಜಿ ಹಾಕಲು ಹೋದರೆ ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ಜೋಡಣೆಯಾಗಿಯೇ ಇತ್ತು. ಅವರು ಡಿ-ಲಿಂಕ್ ಮಾಡುವವರೆಗೆ ನಮ್ಮದು ಸೇರುವುದಿಲ್ಲ. ಮಾಲೀಕರಿಂದ ಅವರ ದೂರವಾಣಿ ಸಂಖ್ಯೆ ಪಡೆದು ಕೇಳಿಕೊಂಡ ಮೇಲೆ, ಅವರು ಸೇವಾಸಿಂಧು ಜಾಲತಾಣದಲ್ಲಿ ಅದನ್ನು ಬಿಡಿಸಿಕೊಟ್ಟರು, ಅಷ್ಟರಲ್ಲಿ ಒಂದು ಬಿಲ್ಲನ್ನು ನಾವು ಪೂರ್ತಿ ಕಟ್ಟಿದ್ದೆವು. ರಾಜಾಜಿನಗರದ ನಮ್ಮ ಜೋಡಣೆಯನ್ನು ಹೊರಡುವ ಮೊದಲೇ ಬಿಡಿಸಿದ್ದೆವು. ಮನೆ ಬಿಡುವ ಎಲ್ಲರೂ ಹಾಗೆ ಮಾಡಿದರೆ ಮುಂದೆ ಬರುವವರಿಗೆ ಈ ತಾಪತ್ರಯವಿರುವುದಿಲ್ಲ. ಮಗಳ ಶಾಲೆಗೆ ಹಳೆಯ ಶಾಲೆಯ ವರ್ಗಾವಣೆ ಪತ್ರ, ಪ್ರತಿ ವಿದ್ಯಾರ್ಥಿಗೂ ಶಿಕ್ಷಣ ಇಲಾಖೆ ಕೊಡುವ ಎಸ್‌ಎಟಿಎಸ್ ಸಂಖ್ಯೆ, ಆಧಾರ್ ಮತ್ತು ಅಂಕಪಟ್ಟಿ ಕೇಳಿದರು, ವಿಳಾಸಕ್ಕೆ ಬಾಡಿಗೆ ಕರಾರೇ ಸಾಕಾಯಿತು. ಆಧಾರ್ ವಿಳಾಸಕ್ಕೂ ಅದೇ ಕರಾರು ಆಧಾರ. ಅಡುಗೆ ಅನಿಲದ ಸಂಪರ್ಕವನ್ನು ಹತ್ತಿರದ ವಿತರಕರಿಗೆ ವರ್ಗಾಯಿಸಿಕೊಂಡೆವು. ಮತದಾರರ ಪಟ್ಟಿಯಲ್ಲಿ ಸ್ಥಳ ಬದಲಾವಣೆಗೆ ನಮೂನೆ 8 ತುಂಬಬೇಕು, ಅತ್ತೆಯವರು ಅದನ್ನು ಎಲ್ಲಕ್ಕಿಂತ ಮೊದಲು ತುಂಬಿಸಿದರು.

ಹಳೆಯ ಮನೆಯ ಮುಂಗಡ ಬಣ್ಣದ ಹಣ ಕಳೆದು ಕೈಸೇರಿದೆ. ಹೊಸ ಮನೆಗೆ ಕಾಲಿಟ್ಟ ದಿನವೇ ಪ್ರತಿ ಗೋಡೆ, ನಲ್ಲಿ, ಬಾಗಿಲು, ಮೀಟರಿನ ಅಂಕಿಗಳ ಛಾಯಾಚಿತ್ರ ತೆಗೆದು ಮಾಲೀಕರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೇವೆ. ಅವರು ‘ಸರಿ’ ಎಂದು ಬರೆದ ಉತ್ತರವನ್ನು ಕರಾರಿನ ಜತೆಗೇ ಇಟ್ಟುಕೊಂಡಿದ್ದೇವೆ.